ಹುಚ್ಚಿಗೂ ಹಾಡಿಗೂ ಗಂಟು ಹಾಕಬೇಡಿ

ಅರಕಲಗೂಡಿನ ಸೋದರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ನಿಮ್ಮ ಅಣ್ಣ ಬೈಪೋಲಾರ್ ಕಾಯಿಲೆಗೆ, ಅಂದರೆ ಮನಸ್ಸು ಒಮ್ಮೆ ವಿಪರೀತ ಹುರುಪಿಗೇರಿ ಒಮ್ಮೆ ಕುಸಿಯುವ ಕಾಯಿಲೆಗೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಊರಿನ ಹುಡುಗರು ಅವರ ಮೇಲೆ ಸಾಕ್ಷ್ಯಚಿತ್ರ ಮಾಡ್ತೀವಿ ಅಂತ ಬಂದಿದ್ದಾರೆ. ಒಪ್ಪಬಹುದಾ ಅಂತ ಕೇಳಿದ್ದೀರಿ. "ಹುಚ್ಚು ಇದ್ದೋರಿಗೇ ಸಂಗೀತ ಒಲಿಯೋದು" ಅಂತ ಅವರಲ್ಲೊಬ್ಬ ಅಂದನಂತೆ. ಓದಿ ನನಗೂ ಚುಚ್ಚಿತು.

ಆ ಮಾತು ಶುದ್ಧ ಸುಳ್ಳು. ನಿಮ್ಮ ತಾಲ್ಲೂಕಿನ ರುದ್ರಪಟ್ಟಣವನ್ನೇ ನೋಡಿ. ಕರ್ನಾಟಕ ಸಂಗೀತದ ಗಾಯಕರಾದ ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ ಎಲ್ಲ ಆ ಒಂದು ಹಳ್ಳಿಯವರು. ಅವರಿಗೆ ಸಂಗೀತ ಒಲಿದದ್ದು ಪಾಠದಿಂದ, ಸಾಧನೆಯಿಂದ. ನಿಮ್ಮ ಅಣ್ಣನಿಗೂ ಅಷ್ಟೇ ಅಲ್ವಾ?

ಮನಸ್ಸಿನ ಕಾಯಿಲೆಯಿದ್ದ ಅಮೆರಿಕದ ಹಾಡುಗಾರ ಡೇನಿಯಲ್ ಜಾನ್‌ಸ್ಟನ್ ಬಗ್ಗೆ ಜೆಫ್ ಫೊಯರ್‌ಜೀಗ್ ಮಾಡಿದ, 2005ರಲ್ಲಿ ಬಂದ ಸಾಕ್ಷ್ಯಚಿತ್ರವನ್ನು ಆ ಹುಡುಗರು ನೋಡಲಿ. ಡೇನಿಯಲ್ ಮನೆಯಲ್ಲೇ ಕೂತು ಕ್ಯಾಸೆಟ್ಟಿಗೆ ಹಾಡು ತುಂಬುತ್ತಿದ್ದ, ಅಮ್ಮ ಬೈಯುವುದನ್ನೂ ಬಿಡದೆ ತುಂಬುತ್ತಿದ್ದ. 1990ರಲ್ಲಿ ಕಾಯಿಲೆ ಜೋರಾಗಿದ್ದಾಗ, ಅಪ್ಪ ಹಾರಿಸುತ್ತಿದ್ದ ಪುಟ್ಟ ವಿಮಾನದ ಕೀಲಿಯನ್ನೇ ಕಿತ್ತು ಆಚೆ ಎಸೆದ. ವಿಮಾನ ಮರಗಳ ಮೇಲೆ ಬಿತ್ತು. ಪುಣ್ಯಕ್ಕೆ ಇಬ್ಬರೂ ಉಳಿದರು. ವರ್ಷಗಳಾದ ಮೇಲೆ ಅದನ್ನು ಹೇಳುವಾಗಲೂ ಅಪ್ಪನಿಗೆ ಅಳು ಉಕ್ಕಿ ಬರುತ್ತದೆ. ಆ ಮುದುಕರ ಮುಖ ನನ್ನನ್ನು ಈಗಲೂ ಕಾಡುತ್ತದೆ. ಚಿತ್ರ ಕೆಲವು ಕಡೆ ಡೇನಿಯಲ್‌ನನ್ನು ಜಾಸ್ತಿ ಮೇಲೆತ್ತುತ್ತದೆ, ಅದು ನನಗೆ ಹಿಡಿಸಲಿಲ್ಲ. ಆದರೆ ದೊಡ್ಡವನಾದ ಮಗನನ್ನು ಸಾಕುವ ಆ ಅಪ್ಪ ಅಮ್ಮನನ್ನು ಅದು ಮರೆಯುವುದಿಲ್ಲ.

ಒಪ್ಪುವುದು ಬಿಡುವುದು ಅಣ್ಣನ ಇಷ್ಟ. ಅವರು ನೆಟ್ಟಗಿರುವ ದಿನ ಕೇಳಿ. ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಮಾತು ಓಡುತ್ತಿರುವಾಗ ಯಾವುದಕ್ಕೂ ಹೂಂ ಅಂದುಬಿಡುತ್ತಾರೆ. ಅಂಥ ಹೊತ್ತಲ್ಲಿ ಕ್ಯಾಮೆರಾ ಮನೆಯೊಳಗೆ ಬರುವುದೇ ಬೇಡ. ಚಿತ್ರ ಹೊರಗೆ ಹೋಗುವ ಮೊದಲು ಅಣ್ಣ ನೋಡಬೇಕು. ಬೇಡ ಅಂದದ್ದನ್ನು ತೆಗೆಯಬೇಕು.

ಇನ್ನೊಂದು ಮಾತು. ಬೆರಳು ನಡುಗಿ ಸ್ವರ ತಪ್ಪುತ್ತದೆ, ಅದಕ್ಕೇ ಮಾತ್ರೆ ಬಿಡ್ತೀನಿ ಅಂತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಬಿಡಲು ಬಿಡಬೇಡಿ. ಈ ಕಾಯಿಲೆಗೆ ಕೊಡುವ ಲಿಥಿಯಂನಂಥ ಮಾತ್ರೆಯಿಂದ ಕೈ ನಡುಗುವುದುಂಟು. ಡಾಕ್ಟರ ಮುಂದೆ ಹಾರ್ಮೋನಿಯಂ ವಿಷಯ ಬಾಯಿಬಿಟ್ಟು ಹೇಳಿ. ರಕ್ತ ಪರೀಕ್ಷೆ ಮಾಡಿಸಿ, ಪ್ರಮಾಣ ಹೆಚ್ಚು ಕಡಿಮೆ ಮಾಡಲು ಅವರಿಗೆ ದಾರಿಯಿದೆ. ಅಪರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆ ಹುಡುಗರನ್ನು ಒಂದು ದಿನ ಹಾಸನಕ್ಕೆ, ನಮ್ಮ ಕಚೇರಿಗೆ ಕಳಿಸಿ. ನಾನೇ ಕೂರಿಸಿಕೊಂಡು ಮಾತಾಡುತ್ತೇನೆ.

– ಸಂಪಾದಕ