ಪ್ರತಿಕ್ರಿಯೆ: ವಿದ್ಯಾರ್ಥಿ ಪತ್ರಿಕೆಯಲ್ಲಿ ಫೋಟೋಗಳು ಕಪ್ಪಗೆ ಬರ್ತಿವೆ

ಪರದೆ ಮೇಲೆ ಚೆನ್ನಾಗಿದ್ದು ಅಚ್ಚಿನಲ್ಲಿ ಮಾತ್ರ ಮಸಿ ಬಳಿದ ಹಾಗೆ ಬರ್ತಿದೆ ಅಂದರೆ ಅದು ಕ್ಯಾಮೆರಾ ತಪ್ಪಲ್ಲ, ಬಹುಶಃ ಡಾಟ್ ಗೇನ್, ಅಂದರೆ ಅಚ್ಚಿನ ಚುಕ್ಕಿಗಳು ಇರಬೇಕಾದ್ದಕ್ಕಿಂತ ದೊಡ್ಡದಾಗುವುದು. ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚಿನ ಕಾಗದ) ಶಾಯಿ ಹೀರುತ್ತದೆ, ಚುಕ್ಕಿಗಳು ಹರಡಿಕೊಳ್ಳುತ್ತವೆ.

ಮೊದಲು ಪ್ರೆಸ್‌ನವರ ಹತ್ತಿರ ಐಸಿಸಿ ಪ್ರೊಫೈಲ್ ಕೇಳಿ, ಅಂದರೆ ಅವರ ಮಷಿನ್ ಮತ್ತು ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಅಂತ ತಿಳಿಸುವ ಫೈಲ್. ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ) ಫೋಟೋವನ್ನು ಅದೇ ಪ್ರೊಫೈಲ್ ಬಳಸಿ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳು: ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಬದಲಾಯಿಸಿ. ಒಟ್ಟು ಶಾಯಿ, ಅಂದರೆ ಒಂದೇ ಜಾಗದಲ್ಲಿ ನಾಲ್ಕೂ ಶಾಯಿಗಳ ಶೇಕಡಾವಾರು ಕೂಡಿದ್ದು, ಸಾಮಾನ್ಯವಾಗಿ 240% ದಾಟಬಾರದು, ಆದರೆ ಇದು ಮಷಿನ್‌ನಿಂದ ಮಷಿನ್‌ಗೆ ಬದಲಾಗುತ್ತದೆ, ಅವರು ಹೇಳಿದ ಲೆಕ್ಕವನ್ನೇ ಇಟ್ಟುಕೊಳ್ಳಿ. ಪ್ರೊಫೈಲ್ ಸಿಗಲಿಲ್ಲವಾ? ಫೋಟೋ ತಿದ್ದುವ ಸಾಫ್ಟ್‌ವೇರ್‌ನ ಕರ್ವ್ಸ್‌ನಲ್ಲಿ (ಛಾಯೆಗಳನ್ನು ಬೇರೆಬೇರೆಯಾಗಿ ತಿಳಿ-ಗಾಢ ಮಾಡುವ ಸಾಧನ) ಮಧ್ಯದ ಛಾಯೆಗಳನ್ನು, ಅದರಲ್ಲೂ ಮುಖ ಮತ್ತು ಕಣ್ಣಿನ ಕೆಳಗಿನ ನೆರಳನ್ನು, ಪರದೆ ಮೇಲೆ ಸ್ವಲ್ಪ ಪೇಲವ ಅನ್ನಿಸುವಷ್ಟು ತಿಳಿ ಮಾಡಿ. ಸುಮ್ನೆ ಬ್ರೈಟ್‌ನೆಸ್ ಏರಿಸಬೇಡಿ, ಬಿಳಿ ಅಂಗಿಯ ಮಡಿಕೆಗಳೇ ಮಾಯವಾಗಿಬಿಡುತ್ತವೆ. ಮುಂದಿನ ಸಂಚಿಕೆಯ ಒಳಪುಟದ ಒಂದು ಫೋಟೋಗೆ ಮಾಡಿ ನೋಡಿ, ಸರಿ ಬಂದರೆ ಆ ಕರ್ವನ್ನೇ ಪ್ರಿಸೆಟ್ ಆಗಿ ಉಳಿಸಿಕೊಳ್ಳಿ.