ಮೊದಲ ಗಾಡಿಯ ಮೊದಲ ಸಾಲು

ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿರುವ ಪತ್ರದ ಸಾರಾಂಶ: ‘ನನ್ನ ಮೊಮ್ಮಗ ಅಮೆರಿಕದ ಓಹಾಯೋ ರಾಜ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೆ ರೋಲರ್ ಕೋಸ್ಟರ್, ಅಂದರೆ ಮನರಂಜನಾ ಉದ್ಯಾನಗಳಲ್ಲಿ ಎತ್ತರದ ಹಳಿಯ ಮೇಲೆ ಏರಿಳಿಯುತ್ತ ಓಡುವ ಆಟದ ಗಾಡಿಗಳ ಹುಚ್ಚು. ಎಲ್ಲಿ ಹೊಸದು ತೆರೆದರೂ ಮೊದಲ ದಿನವೇ ಹೋಗಬೇಕು, ಸಾಧ್ಯವಾದರೆ ಮೊದಲ ಗಾಡಿಯಲ್ಲೇ ಕೂರಬೇಕು ಎಂಬ ಹಟ. 2024ರ ಮೇ ತಿಂಗಳಲ್ಲಿ ಸ್ಯಾಂಡಸ್ಕಿ ಎಂಬ ಊರಿನ ಸೀಡರ್ ಪಾಯಿಂಟ್ ಉದ್ಯಾನದ ಬಾಗಿಲಲ್ಲಿ ನಸುಕಿನಲ್ಲೇ ಹೋಗಿ ನಿಂತಿದ್ದನಂತೆ. ಈಗ ಬೇರೊಂದು ಉದ್ಯಾನ ಹೊಸ ಕೋಸ್ಟರಿನ ಮೊದಲ ಸವಾರಿಯ ಸೀಟುಗಳನ್ನು ಹರಾಜಿಗೆ ಇಟ್ಟಿದೆ. ರಜೆಯಲ್ಲಿ ದುಡಿದು ಉಳಿಸಿದ ಹಣವನ್ನು ಅದಕ್ಕೆ ಹಾಕುತ್ತೇನೆ ಎನ್ನುತ್ತಿದ್ದಾನೆ. ಸಿನಿಮಾದ ಮೊದಲ ದಿನದ ಮೊದಲ ಆಟಕ್ಕೆ ನೂಕಾಡುವವರಿಗೂ ಇವನಿಗೂ ಏನು ವ್ಯತ್ಯಾಸ? ಹೊಸ ಯಂತ್ರವನ್ನು ಎಲ್ಲರಿಗಿಂತ ಮೊದಲು ಹತ್ತುವುದು ಅಪಾಯವಲ್ಲವೇ? ತಮ್ಮ ಪತ್ರಿಕೆ ಇಂಥ ಹವ್ಯಾಸವನ್ನು ಮೆಚ್ಚಿ ಲೇಖನ ಪ್ರಕಟಿಸಿದ್ದು ಸರಿಯೇ?’

ಮಾನ್ಯರೇ,

ತಮ್ಮ ಪತ್ರದಲ್ಲಿ ಆಕ್ಷೇಪ ಕಡಿಮೆ, ಮೊಮ್ಮಗನ ಬಗೆಗಿನ ಕಾಳಜಿ ಹೆಚ್ಚು. ಆದ್ದರಿಂದ ಅಪಾಯದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಉದ್ಘಾಟನೆಯ ದಿನ ಮೊದಲ ಗಾಡಿ ಹತ್ತುವವರು ಆ ಯಂತ್ರದಲ್ಲಿ ಕೂತ ಮೊದಲ ಮನುಷ್ಯರಾಗಿರುವುದಿಲ್ಲ. ಹಳಿ ಜೋಡಣೆ ಮುಗಿದ ಮೇಲೆ ಗಾಡಿಯನ್ನು ಮೊದಲು ಖಾಲಿಯಾಗಿ ಬಿಡುತ್ತಾರೆ. ಆಮೇಲೆ ಮನುಷ್ಯನ ಮುಂಡದ ಆಕಾರದ ಪ್ಲಾಸ್ಟಿಕ್ ಬೊಂಬೆಗಳಿಗೆ ನೀರು ತುಂಬಿ, ಸೀಟುಗಳಲ್ಲಿ ಕೂರಿಸಿ, ಬಿಗಿದು ಮತ್ತೆ ಮತ್ತೆ ಓಡಿಸುತ್ತಾರೆ. ಪ್ರತಿ ತಿರುವಿನಲ್ಲೂ ಪ್ರತಿ ಇಳಿಜಾರಿನಲ್ಲೂ ಕೂತವರ ಮೈಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದನ್ನು ಗಾಡಿಗೆ ಕಟ್ಟಿದ ಉಪಕರಣಗಳು ಅಳೆಯುತ್ತವೆ. ವಿನ್ಯಾಸಕಾರರ ಲೆಕ್ಕಕ್ಕೂ ಈ ಅಳತೆಗೂ ತಾಳೆಯಾದ ಮೇಲೆ ತಂತ್ರಜ್ಞರು ಹತ್ತುತ್ತಾರೆ, ಅವರ ಹಿಂದೆ ಉದ್ಯಾನದ ಸಿಬ್ಬಂದಿ, ಬಹಳಷ್ಟು ಕಡೆ ಪತ್ರಕರ್ತರು, ಹವ್ಯಾಸಿ ಸಂಘಗಳ ಸದಸ್ಯರು. ಟಿಕೆಟ್ ಕೊಂಡು ಬಂದವರ ಸರದಿ ಇಷ್ಟೆಲ್ಲ ಆದ ಮೇಲೆ. ಇನ್ನು ಗಾಡಿ ಹಳಿ ಬಿಟ್ಟು ಹಾರದಂತೆ ಹಿಡಿದಿಡುವ ಉಪಾಯ ನೂರು ವರ್ಷಕ್ಕಿಂತ ಹಳೆಯದು. ಹಳಿಯ ಮೇಲೆ ಉರುಳುವ ಚಕ್ರಗಳು, ಪಕ್ಕದಿಂದ ಒತ್ತುವ ಚಕ್ರಗಳು, ಹಳಿಯ ಅಡಿಯಿಂದ ಅಪ್ಪಿ ಹಿಡಿಯುವ ಚಕ್ರಗಳು ಹೀಗೆ ಮೂರು ಬಗೆಯವು ಇರುತ್ತವೆ; ಅಡಿಯ ಚಕ್ರಗಳಿಗೆ ಜಾನ್ ಮಿಲ್ಲರ್ ಎಂಬ ಅಮೆರಿಕದ ವಿನ್ಯಾಸಕಾರ 1919ರಲ್ಲಿ ಪೇಟೆಂಟ್ ಪಡೆದರು.

ಹೊಸತನವೇ ಅಪಾಯ ಎಂಬ ಊಹೆಯನ್ನು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದ ಪ್ರಕರಣ ಬೆಂಬಲಿಸುವುದಿಲ್ಲ. ಹದಿನಾಲ್ಕು ಬಾರಿ ತಲೆಕೆಳಗಾಗಿಸುವ ‘ದಿ ಸ್ಮೈಲರ್’ ಎಂಬ ಕೋಸ್ಟರ್ ಅಲ್ಲಿ 2013ರ ಮೇ ಕೊನೆಯಲ್ಲಿ ತೆರೆಯಿತು. ದುರಂತ ನಡೆದದ್ದು ಎರಡು ವರ್ಷ ಕಳೆದ ಮೇಲೆ, 2015ರ ಜೂನ್ 2ರಂದು. ಖಾಲಿಯಾಗಿ ಬಿಟ್ಟಿದ್ದ ಗಾಡಿಯೊಂದು ದಾರಿಯಲ್ಲಿ ನಿಂತುಬಿಟ್ಟಿತ್ತು. ಮುಂದಿನ ಭಾಗ ತೆರವಾಗದೆ ಹಿಂದಿನ ಗಾಡಿಯನ್ನು ಬಿಡದ ವ್ಯವಸ್ಥೆ ಸರಿಯಾಗಿಯೇ ತಡೆದು ನಿಲ್ಲಿಸಿತ್ತು. ಹಳಿ ಖಾಲಿಯಿದೆ ಎಂದು ಭಾವಿಸಿದ ಸಿಬ್ಬಂದಿ ಆ ತಡೆಯನ್ನು ಕೈಯಾರೆ ಮೀರಿ, ಜನ ತುಂಬಿದ ಗಾಡಿಯನ್ನು ಮುಂದಕ್ಕೆ ಬಿಟ್ಟರು. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಮರುವರ್ಷ ನ್ಯಾಯಾಲಯ ಕಂಪನಿಗೆ 50 ಲಕ್ಷ ಪೌಂಡ್ ದಂಡ ವಿಧಿಸಿತು. ಅಂದು ಆ ಗಾಡಿಯಲ್ಲಿದ್ದವರು ಯಾವ ಪೈಪೋಟಿಗೂ ಬಂದವರಲ್ಲ.

ಆದರೆ ‘ಮೊದಲಿಗರಾಗಬೇಕು’ ಎಂಬ ಆಸೆ ನಿಜವಾಗಿಯೂ ಜೀವ ತೆಗೆದ ಸಂದರ್ಭವೂ ಇದೆ, ಅದನ್ನು ತಮ್ಮಿಂದ ಮರೆಮಾಡುವುದಿಲ್ಲ. ಅಮೆರಿಕದ ಕನ್ಸಾಸ್ ಸಿಟಿಯ ಜಲೋದ್ಯಾನವೊಂದು ಜಗತ್ತಿನಲ್ಲೇ ಅತಿ ಎತ್ತರದ ನೀರಿನ ಜಾರುಬಂಡೆ ತನ್ನದಾಗಬೇಕೆಂದು ‘ಫೆರುಕ್ಟ್’ ಎಂಬುದನ್ನು ಕಟ್ಟಿ 2014ರಲ್ಲಿ ತೆರೆಯಿತು. ಪರೀಕ್ಷೆಯ ಹಂತದಲ್ಲೇ ಮರಳಿನ ಚೀಲಗಳು ತೆಪ್ಪದಿಂದ ಗಾಳಿಗೆ ಹಾರಿದ್ದವು, ತೆರೆಯುವ ದಿನವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿದ್ದರು. 2016ರ ಆಗಸ್ಟ್‌ನಲ್ಲಿ ಹತ್ತು ವರ್ಷದ ಬಾಲಕನೊಬ್ಬ ಅದರಲ್ಲಿ ಸತ್ತ. ಕೊನೆಗೆ ಆ ಗೋಪುರವನ್ನೇ ಕೆಡವಿದರು. ಅಲ್ಲಿ ಅವಸರ ಪಟ್ಟವರು ಸಾಲಿನಲ್ಲಿ ನಿಂತವರಲ್ಲ, ಕಟ್ಟಿದವರು. ಕಟ್ಟುವವರ ಪೈಪೋಟಿಗೂ ಹತ್ತುವವರ ಪೈಪೋಟಿಗೂ ಇರುವ ಈ ಅಂತರ ಬಹಳ ದೊಡ್ಡದು ಎಂದು ನಾನು ನಂಬಿದ್ದೇನೆ. ತಮ್ಮ ಮೊಮ್ಮಗನ ಪೈಪೋಟಿಯಲ್ಲಿ ಗೆದ್ದರೂ ಸೋತರೂ ಯಂತ್ರದ ಒಂದು ಬೋಲ್ಟೂ ಸಡಿಲವಾಗುವುದಿಲ್ಲ. ಅವನು ಗಮನಿಸಬೇಕಾದದ್ದು ಇಷ್ಟೇ: ಉದ್ಯಾನ ‘ಇವತ್ತು ಇಲ್ಲ, ಇನ್ನೂ ಪರೀಕ್ಷೆ ಆಗಬೇಕು’ ಎಂದಾಗ ಗಲಾಟೆ ಮಾಡುವವರ ಗುಂಪಿಗೆ ಸೇರಬಾರದು. ಆ ಮಾತು ಹೇಳುವ ಧೈರ್ಯವಿರುವ ಉದ್ಯಾನವನ್ನು ಅಭಿಮಾನಿಗಳು ಗೌರವಿಸಬೇಕು.

ಸಿನಿಮಾದ ಹೋಲಿಕೆಗೆ ಬರುತ್ತೇನೆ. ಮೊದಲ ಆಟದಲ್ಲಿ ತೆರೆಯ ಮೇಲೆ ಬಿದ್ದ ಚಿತ್ರವೇ ನೂರನೆಯ ದಿನವೂ ಬೀಳುತ್ತದೆ. ರೋಲರ್ ಕೋಸ್ಟರ್ ಹಾಗಲ್ಲ, ಅದು ದಿನದಿಂದ ದಿನಕ್ಕೆ, ಒಂದೇ ದಿನದಲ್ಲಿ ಬೆಳಗಿನಿಂದ ಸಂಜೆಗೆ, ಬದಲಾಗುತ್ತದೆ. ಬಹಳಷ್ಟು ಕೋಸ್ಟರುಗಳಲ್ಲಿ ಶಿಖರ ದಾಟಿದ ಮೇಲೆ ಗಾಡಿಯನ್ನು ಓಡಿಸುವುದು ಭೂಮಿಯ ಸೆಳೆತ ಮಾತ್ರ. ಅದನ್ನು ನಿಧಾನಗೊಳಿಸುವುದು ಗಾಳಿಯ ತಡೆ ಮತ್ತು ಚಕ್ರಗಳ ಘರ್ಷಣೆ. ತಣ್ಣನೆಯ ಬೆಳಿಗ್ಗೆ ಬೇರಿಂಗಿನೊಳಗಿನ ಗ್ರೀಸ್ ಮಂದವಾಗಿರುತ್ತದೆ, ಚಕ್ರದ ಹೊರಪದರ ಗಡುಸಾಗಿರುತ್ತದೆ. ಬಿಸಿಲೇರಿ, ಹತ್ತಾರು ಸುತ್ತು ಓಡಿದ ಮೇಲೆ ಅದೇ ಗಾಡಿ ಅದೇ ಹಳಿಯ ಮೇಲೆ ಹೆಚ್ಚು ಹುರುಪಿನಿಂದ ಹೋಗುತ್ತದೆ. ಹೊಸ ಯಂತ್ರದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು, ಏಕೆಂದರೆ ಅದರ ಚಕ್ರ, ಬೇರಿಂಗುಗಳು ಇನ್ನೂ ಪಳಗಿರುವುದಿಲ್ಲ. ಹೀಗಾಗಿ ಉದ್ಘಾಟನೆಯ ಬೆಳಿಗ್ಗೆಯ ಮೊದಲ ಸವಾರಿ ಆ ಕೋಸ್ಟರ್ ಕೊಡಬಲ್ಲ ಅತ್ಯುತ್ತಮ ಸವಾರಿಯಾಗಿರುವ ಸಂಭವ ತೀರ ಕಡಿಮೆ. ಈ ಹವ್ಯಾಸದಲ್ಲಿ ಮುಳುಗಿದವರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಸುಕಿನಲ್ಲಿ ಹೋಗಿ ನಿಲ್ಲುತ್ತಾರೆ.

ಏಕೆ ಎಂಬುದಕ್ಕೆ ತಮ್ಮ ಮೊಮ್ಮಗ ಕಂಡ ಸೀಡರ್ ಪಾಯಿಂಟ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈರಿ ಸರೋವರದೊಳಕ್ಕೆ ಚಾಚಿಕೊಂಡ ನೆಲದ ಮೇಲಿರುವ ಆ ಉದ್ಯಾನದಲ್ಲಿ 2003ರ ಮೇ ತಿಂಗಳಲ್ಲಿ ‘ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್’ ತೆರೆಯಿತು: 420 ಅಡಿ ಎತ್ತರ, ಗಂಟೆಗೆ 193 ಕಿ.ಮೀ. ವೇಗ, ನಿಂತಲ್ಲಿಂದ ಆ ವೇಗಕ್ಕೆ ಏರಲು ನಾಲ್ಕು ಸೆಕೆಂಡು. ಕಾರ್ ರೇಸಿನಲ್ಲಿರುವಂತೆ ಎದುರಿಗೆ ದೀಪದ ಕಂಬ. ಹಸಿರು ಹತ್ತಿದೊಡನೆ ಗಾಡಿ ಚಿಮ್ಮಿ, ನೆಟ್ಟಗೆ ಗೋಪುರ ಹತ್ತಿ, ಆಚೆಗೆ ಇಳಿದು ಬರುತ್ತಿತ್ತು. ಕೆಲವೊಮ್ಮೆ ಎದುರುಗಾಳಿಗೋ ತಂಪಿಗೋ ವೇಗ ಕೂದಲೆಳೆಯಷ್ಟು ಸಾಲದೆ ಗಾಡಿ ತುದಿಯ ಹತ್ತಿರ ಹೋಗಿ ತಡೆದು, ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿ, ಕೆಳಗಿನ ಅಯಸ್ಕಾಂತದ ಬ್ರೇಕುಗಳಲ್ಲಿ ಬಂದು ನಿಲ್ಲುತ್ತಿತ್ತು. ಹಾಗೆ ಹಿಂದಕ್ಕೆ ಬಂದವರು ಹೆದರುವುದಕ್ಕೆ ಬದಲು ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದರು. 2021ರ ಆಗಸ್ಟ್‌ನಲ್ಲಿ ಗಾಡಿಯಿಂದ ಲೋಹದ ತುಂಡೊಂದು ಕಳಚಿ, ಸಾಲಿನಲ್ಲಿ ನಿಂತಿದ್ದ ಮಹಿಳೆಯ ತಲೆಗೆ ಬಡಿದು ತೀವ್ರ ಗಾಯವಾಯಿತು. ಅಲ್ಲಿಗೆ ಅದು ನಿಂತಿತು.

ಅದೇ ಗೋಪುರವನ್ನು ಇಟ್ಟುಕೊಂಡು, ಹಳಿಯ ಹಿಂತುದಿಯಲ್ಲಿ ಅಷ್ಟೇ ಎತ್ತರದ, ಹಳಿ ನೆಟ್ಟಗೆ ಮೇಲೇರುವ ಇನ್ನೊಂದು ಕಂಬವನ್ನು ನಿಲ್ಲಿಸಿ, ಹೊಸ ಗಾಡಿಗಳೊಂದಿಗೆ ‘ಟಾಪ್ ಥ್ರಿಲ್ 2’ ಎಂದು 2024ರ ಮೇ 4ರಂದು ತೆರೆದರು. ಈಗ ಗಾಡಿ ಮೊದಲು ಮುಂದಕ್ಕೆ ಚಿಮ್ಮಿ, ಗೋಪುರವನ್ನು ಅರ್ಧ ಹತ್ತಿ ಹಿಂದಕ್ಕೆ ಜಾರುತ್ತದೆ; ಜಾರುವಾಗಲೇ ಮತ್ತೆ ನೂಕಿಸಿಕೊಂಡು ಹಿಂಬದಿಯ ಕಂಬಕ್ಕೆ ಏರುತ್ತದೆ; ಅಲ್ಲಿಂದ ಇಳಿದು ಮೂರನೆಯ ನೂಕಿಗೆ ಗೋಪುರವನ್ನು ದಾಟುತ್ತದೆ. ಹಿಂದೆ ಆಕಸ್ಮಿಕವಾಗಿದ್ದ ಆ ಹಿಂಜಾರುವಿಕೆ ಈಗ ವಿನ್ಯಾಸದ ಭಾಗವೇ ಆಗಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಎರಡು ವಾರ ತುಂಬುವ ಮೊದಲೇ ಗಾಡಿಗಳ ತೊಂದರೆಯಿಂದ ಅದು ನಿಂತಿತು, ಆ ವರ್ಷ ಮತ್ತೆ ತೆರೆಯಲಿಲ್ಲ. ಸಾವಕಾಶವಾಗಿ ಜುಲೈ ರಜೆಯಲ್ಲಿ ಹೋಗೋಣ ಎಂದುಕೊಂಡಿದ್ದವರೆಲ್ಲ 2025ರವರೆಗೆ ಕಾಯಬೇಕಾಯಿತು. 2024ರ ಅದೇ ಮೇ ತಿಂಗಳ 24ರಂದು ಲಂಡನ್ನಿಗೆ ಸಮೀಪದ ಥಾರ್ಪ್ ಪಾರ್ಕಿನಲ್ಲಿ, ಬ್ರಿಟನ್ನಿನ ಅತಿ ಎತ್ತರದ ಕೋಸ್ಟರ್ ‘ಹೈಪೀರಿಯಾ’ ತೆರೆದಾಗಲೂ ಮೊದಲ ದಿನ ಓಡಿ, ಬೆನ್ನಿಗೇ ಕೆಲವು ದಿನ ಮುಚ್ಚಿತ್ತು. ಮೊದಲ ದಿನ ಹೋದವರಿಗೆ ಸಿಕ್ಕಿದ್ದು ಇದು: ಯಂತ್ರ ಇನ್ನೂ ತನ್ನನ್ನು ತಾನು ಕಂಡುಕೊಳ್ಳುತ್ತಿರುವ ದಿನಗಳ ಪ್ರತ್ಯಕ್ಷ ಅನುಭವ. ಆ ದಿನಗಳು ಮುಗಿದ ಮೇಲೆ ಎಷ್ಟು ಹಣ ಕೊಟ್ಟರೂ ಅದು ಸಿಗುವುದಿಲ್ಲ. ಎಂಜಿನಿಯರಿಂಗ್ ಓದುವ ಹುಡುಗನಿಗೆ ಇದರ ಬೆಲೆ ಇನ್ನೂ ಹೆಚ್ಚು ಎಂದು ನನ್ನ ಭಾವನೆ.

ಕೊನೆಯ ಸವಾರಿಗೆ ಈ ಅವಕಾಶವೂ ಇಲ್ಲ. ನ್ಯೂಜೆರ್ಸಿಯಲ್ಲಿದ್ದ 456 ಅಡಿಯ ‘ಕಿಂಗ್‌ಡಾ ಕಾ’, 2005ರಿಂದ ಜಗತ್ತಿನ ಅತಿ ಎತ್ತರದ ಕೋಸ್ಟರ್ ಆಗಿದ್ದದ್ದು, 2024ರ ನವೆಂಬರ್‌ನಲ್ಲಿ ನಿಂತಿತು. ಶಾಶ್ವತವಾಗಿ ನಿಂತಿದೆ ಎಂಬ ಪ್ರಕಟಣೆ ಹೊರಬಿದ್ದದ್ದು ಅದರ ಕೊನೆಯ ಓಟ ಮುಗಿದ ಮೇಲೆ. ಮರುವರ್ಷದ ಫೆಬ್ರವರಿಯಲ್ಲಿ ಸಿಡಿಮದ್ದಿಟ್ಟು ಗೋಪುರವನ್ನು ಉರುಳಿಸಿದರು. ಅಭಿಮಾನಿಗಳು ಆರಂಭದ ದಿನವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ: ಮುಂಚಿತವಾಗಿ ಗೊತ್ತಿರುವುದು ಅದೊಂದೇ ದಿನ.

ಇನ್ನು ಹರಾಜು. ಅಮೆರಿಕದ ಹಲವು ಉದ್ಯಾನಗಳು ಮೊದಲ ಸವಾರಿಗಳ ಸೀಟುಗಳನ್ನು ಹೀಗೆ ಹರಾಜು ಹಾಕಿ, ಬಂದ ಹಣವನ್ನು ಮಕ್ಕಳ ಚಿಕಿತ್ಸೆಯಂಥ ದತ್ತಿ ಕಾರ್ಯಗಳಿಗೆ ಕೊಡುತ್ತವೆ. ಇದು ಒಳ್ಳೆಯ ಪದ್ಧತಿ, ಉಳ್ಳವರು ಧಾರಾಳವಾಗಿ ಕೂಗಲಿ. ಆದರೆ ವಿದ್ಯಾರ್ಥಿಯೊಬ್ಬ ತನ್ನ ಉಳಿತಾಯವನ್ನೆಲ್ಲ ಅದಕ್ಕೆ ಸುರಿಯುವುದನ್ನು ನಾನು ಒಪ್ಪಲಾರೆ. ಹರಾಜಿನಲ್ಲಿ ಗೆಲ್ಲುವುದು ಹಣ; ಸಾಲಿನಲ್ಲಿ ಗೆಲ್ಲುವುದು ಎಲ್ಲರ ಬಳಿಯೂ ಒಂದೇ ಪ್ರಮಾಣದಲ್ಲಿರುವ ಸಮಯ ಮತ್ತು ತಾಳ್ಮೆ. ಆರ್ಲ್ಯಾಂಡೋದ ಯೂನಿವರ್ಸಲ್ ಉದ್ಯಾನದಲ್ಲಿ 2019ರ ಜೂನ್‌ನಲ್ಲಿ ‘ಹ್ಯಾಗ್ರಿಡ್’ ಹೆಸರಿನ ಕೋಸ್ಟರ್ ತೆರೆದ ದಿನ ಕಾಯುವ ಅವಧಿ 10 ಗಂಟೆಗೆ ಮುಟ್ಟಿತ್ತು. ಅಷ್ಟು ಹೊತ್ತು ಅಕ್ಕಪಕ್ಕ ನಿಂತವರು ಅಪರಿಚಿತರಾಗಿ ಉಳಿಯುವುದಿಲ್ಲ. ಒಬ್ಬರು ನೀರು ತರಲು ಹೋದರೆ ಇನ್ನೊಬ್ಬರು ಜಾಗ ಕಾಯುತ್ತಾರೆ, ಎಲ್ಲೆಲ್ಲಿ ಏನೇನು ಹತ್ತಿದೆ ಎಂಬ ಲೆಕ್ಕ ಹಂಚಿಕೊಳ್ಳುತ್ತಾರೆ. 1978ರಲ್ಲಿ ಹುಟ್ಟಿದ ‘ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್’ ಸಂಘದಂಥವು ಹಳೆಯ ಮರದ ಕೋಸ್ಟರುಗಳನ್ನು ಉಳಿಸಲು ದನಿಯೆತ್ತುತ್ತ ಬಂದಿರುವುದು ಇಂಥ ಜನರಿಂದಲೇ. ಸ್ನೇಹಿತನೊಬ್ಬನನ್ನು ಮುಂದೆ ನಿಲ್ಲಿಸಿ ಬೆಳಗಾದ ಮೇಲೆ ಹತ್ತು ಮಂದಿ ನುಸುಳುವುದು ಮಾತ್ರ ಈ ಹವ್ಯಾಸಕ್ಕೆ ಅಂಟುವ ಕೊಳೆ. ಮೊಮ್ಮಗ ಅಂಥದ್ದಕ್ಕೆ ಕೈಹಾಕದಿರಲಿ.

ನಮ್ಮ ಲೇಖನದ ಬಗ್ಗೆ ಒಂದು ಮಾತು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಐದು ಸೆಂಟ್ ದರಕ್ಕೆ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಜನರನ್ನು ಬೆಂಚಿನ ಮೇಲೆ ಕೂರಿಸಿ ಜಾರಿಸಿದ್ದರಿಂದ ಹಿಡಿದು ಇಂದಿನವರೆಗೆ, ಇದು ಲೋಹ, ಲೆಕ್ಕ, ಮನುಷ್ಯನ ದೇಹ ಮೂರೂ ಸೇರಿದ ಕಲೆ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಉದ್ಯಾನದಲ್ಲಿ 132 ಅಡಿಯ ‘ನೈಟ್ರೋ’ ಕೋಸ್ಟರ್ 2013ರಿಂದ ಓಡುತ್ತಿದೆ. ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಮುಂದಕ್ಕೆ ಹೋದ ದಾರಿಯಲ್ಲೇ ಹಿಂದಕ್ಕೆ ತರುವ ‘ರೀಕಾಯಿಲ್’ ಇದೆ. ಅವನ್ನು ಹತ್ತಿ ಇಳಿದ ಕನ್ನಡದ ಮಕ್ಕಳಿಗೆ, ತಮ್ಮನ್ನು ಏನು ಎತ್ತಿತು, ಏನು ಹಿಡಿದಿಟ್ಟಿತು ಎಂಬುದನ್ನು ಕನ್ನಡದಲ್ಲಿ ಹೇಳುವುದು ಪತ್ರಿಕೆಯ ಕೆಲಸವೆಂದೇ ತಿಳಿದು ಆ ಲೇಖನ ಹಾಕಿದೆವು.

ಮುಂದಿನ ಬಾರಿ ಫೋನ್ ಮಾಡಿದಾಗ ಮೊಮ್ಮಗನನ್ನು, ಯಾವ ಸಾಲಿನಲ್ಲಿ ಕೂತಿದ್ದೆ ಎಂದು ಕೇಳಿ. ಮುಂದಿನ ಸಾಲು ಶಿಖರವನ್ನು ದಾಟುವಾಗ ಗಾಡಿಯ ಬಹುಭಾಗ ಇನ್ನೂ ಏರಿನಲ್ಲೇ ಇರುವುದರಿಂದ ಆ ಸಾಲಿನವರು ಕ್ಷಣಕಾಲ ತುದಿಯಲ್ಲಿ ತೂಗುತ್ತಾರೆ. ಅಷ್ಟರಲ್ಲಿ ಮುಂಭಾಗ ಇಳಿಯತೊಡಗಿ, ಹಿಂದಿನ ಸಾಲಿನವರನ್ನು ಶಿಖರದಾಚೆಗೆ ಸರ್ರನೆ ಎಳೆದುಕೊಳ್ಳುತ್ತದೆ. ಅವನು ಎರಡನ್ನೂ ಬಲ್ಲವನಾದರೆ ತಮಗೆ ಅರ್ಧ ಗಂಟೆ ಪಾಠ ಹೇಳುತ್ತಾನೆ. ಹರಾಜಿನಲ್ಲಿ ಕೂಗಿಯೇ ತೀರುತ್ತೇನೆ ಎಂದರೆ, ಮೊದಲೇ ಒಂದು ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವಂತೆ ಹೇಳಿ, ನಿಯಮಗಳನ್ನು ಪೂರ್ತಿ ಓದಿಸಿ. ಸ್ಮೈಲರ್ ಕೂಡ ಮಾರ್ಚ್‌ನಲ್ಲಿ ತೆರೆಯಬೇಕಿದ್ದದ್ದು ಮೇ ಕೊನೆಗೆ ಹೋಗಿತ್ತು. ದಿನ ಮುಂದಕ್ಕೆ ಹೋದರೆ ಸೀಟು ಉಳಿಯುತ್ತದೆಯೇ, ಅವನ ಕಾಲೇಜಿನ ಪರೀಕ್ಷೆ ಇರುವ ವಾರಕ್ಕೆ ಬಿದ್ದರೆ ಬೇರೆಯವರಿಗೆ ಬಿಟ್ಟುಕೊಡಬಹುದೇ, ಹಣ ಯಾವ ಸಂಸ್ಥೆಗೆ ಸೇರುತ್ತದೆ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಸಿಕ್ಕಿದ ಮೇಲೆ ಅವನು ನಿರ್ಧರಿಸಲಿ.

– ಸಂಪಾದಕ