ಯೂನಿಟಿ ಗೇಮ್ ಎಂಜಿನ್‌ನಲ್ಲಿ ಹಲವು ಕಾಂಪೊನೆಂಟ್‌ಗಳು (ಆಟದ ವಸ್ತುಗಳಿಗೆ ಜೋಡಿಸುವ ಕೋಡ್ ತುಣುಕುಗಳು) ಹಂಚಿಕೊಂಡ ಮೌಲ್ಯವನ್ನು ಲಾಕ್ ಮಾಡುವುದು ಹೇಗೆ?

ಮಾಟುಂಗದ ನಿಮ್ಮ ಕನ್ನಡ ತಂಡದ ಲೋಕಲ್ ರೈಲಿನ ಗೇಮ್‌ನಲ್ಲಿ, ಟಿಸಿ ಜೊತೆ ಮಾತು ನಡೆದಿರುವಾಗಲೇ ಪಾಸ್ ಮೆನು ತೆರೆದು ಮುಚ್ಚಿದರೆ ಆಟಗಾರ ಓಡತೊಡಗುತ್ತಾನೆ ಅಂದಿರಿ. ಎಡವಟ್ಟು ಇರುವುದು ವೇಗದ ಲಾಕ್ ಅನ್ನು ಬರೀ ಬೂಲ್ (ಹೌದು ಅಥವಾ ಇಲ್ಲ ಅಷ್ಟೇ ಹಿಡಿಯುವ ಮೌಲ್ಯ) ಮಾಡಿರುವುದರಲ್ಲಿ: ಇಬ್ಬರು ಹಾಕಿದ ಬೀಗ ಒಬ್ಬರಿಂದಲೇ ತೆರೆದುಕೊಳ್ಳುತ್ತಿದೆ.

ಬೂಲ್ ಬದಲು ಹ್ಯಾಶ್‌ಸೆಟ್ (ಪ್ರತಿ ಸದಸ್ಯ ಒಂದೇ ಸಲ ಇರುವ ಗುಂಪು) ಇಡಿ. ಲಾಕ್ ಮಾಡುವ ಕಾಂಪೊನೆಂಟ್ ತನ್ನನ್ನು ಅದರಲ್ಲಿ ಸೇರಿಸಲಿ, ಬಿಡುವಾಗ ತನ್ನನ್ನಷ್ಟೇ ತೆಗೆಯಲಿ. ಸೆಟ್ ಖಾಲಿ ಇದ್ದರೆ ಮಾತ್ರ ವೇಗ ಬದಲಾಗಬೇಕು. ಬರೀ ಎಣಿಕೆ ಇಟ್ಟರೂ ನಡೆದೀತು, ಆದರೆ ಯಾರೋ ಎರಡು ಸಲ ಬಿಟ್ಟರೆ ಲೆಕ್ಕ ಕೆಡುತ್ತದೆ. ಲಾಕ್ ಯಾರ ಕೈಯಲ್ಲಿದೆ ಅಂತ ಡೀಬಗ್ ಮಾಡುವಾಗ ಗೊತ್ತೂ ಆಗುವುದಿಲ್ಲ. ನನ್ನ ಮತ ಸೆಟ್‌ಗೇ.

ವೇಗವನ್ನು ಸ್ಕ್ರಿಪ್ಟಬಲ್‌ಆಬ್ಜೆಕ್ಟ್ ಅಸೆಟ್‌ನಲ್ಲಿ (ಪ್ರಾಜೆಕ್ಟ್‌ನಲ್ಲಿ ಡೇಟಾ ಇಡುವ ಫೈಲ್) ಇಟ್ಟು, ಬೇಕಾದ ಕಾಂಪೊನೆಂಟ್‌ಗಳಿಗೆಲ್ಲ ಇನ್ಸ್‌ಪೆಕ್ಟರ್‌ನಲ್ಲಿ ಎಳೆದು ಹಾಕಿ. ಸೆಟ್ಟರ್ (ವೇಗವನ್ನು ಬದಲಿಸುವ ಕೋಡ್) ಮೊದಲು ಲಾಕ್ ನೋಡಲಿ, ಆಮೇಲೆ ಹಳೆಯದೂ ಹೊಸದೂ ಒಂದೇನಾ ನೋಡಲಿ. ಬೇರೆಯಾಗಿದ್ದರಷ್ಟೇ ಬರೆದು ಇವೆಂಟ್ (ವೇಗ ಬದಲಾಯಿತೆಂಬ ಸೂಚನೆ) ಕಳಿಸಲಿ. ಸ್ಪೀಡ್ ಮೀಟರ್ ಆ ಇವೆಂಟ್ ಕೇಳಿಸಿಕೊಂಡರೆ ಸಾಕು, ಪ್ರತಿ ಫ್ರೇಮ್‌ಗೂ ಇಣುಕಬೇಕಿಲ್ಲ. ಆನ್‌ಎನೇಬಲ್‌ನಲ್ಲಿ (ಕಾಂಪೊನೆಂಟ್ ಚಾಲೂ ಆದಾಗ) ಇವೆಂಟ್‌ಗೆ ಚಂದಾ ಹಾಕಿದ್ದನ್ನು ಆನ್‌ಡಿಸೇಬಲ್‌ನಲ್ಲಿ (ಅದು ಬಂದ್ ಆದಾಗ) ತೆಗೆಯಿರಿ, ಹಿಡಿದ ಲಾಕ್ ಕೂಡ.

ಎಡಿಟರ್‌ನಲ್ಲಿ ಪ್ಲೇ ನಿಲ್ಲಿಸಿದರೂ ಅಸೆಟ್‌ನ ಬದಲಾದ ಮೌಲ್ಯ ಹಾಗೇ ಉಳಿಯುತ್ತದೆ. ಹಾಗಾಗಿ ಆರಂಭದ ವೇಗವನ್ನು ಬೇರೆ ಫೀಲ್ಡ್‌ನಲ್ಲಿಟ್ಟು, ಆಟ ಶುರುವಾದಾಗ ಅದರಿಂದಲೇ ವೇಗವನ್ನು ತುಂಬಿಸಿ.